ಪಂಡಿತನ ಬಲಗೈ

ಮೀನು ಮಾರುಕಟ್ಟೆಯಲ್ಲಿ ನನ್ನ ಭಾವನಿಗೆ ಪಂಡಿತ ಎಂದು ಹೆಸರು. ಗೌರವಕ್ಕೆ ಇಟ್ಟ ಹೆಸರಲ್ಲ ಎಂಬುದು ಇವತ್ತಿಗೂ ಅವನ ತಲೆಗೆ ಹೊಳೆದಿಲ್ಲ. ಅಂಗಡಿ ಅವನದು, ದುಡಿಮೆ ನನ್ನ ಅಕ್ಕನದು. ಬೆಳಗಾದರೆ ಅವಳು ಕುಕ್ಕರಗಾಲಲ್ಲಿ ಕೂತು ಮೀನಿನ ಹುರುಪೆ ಕೆರೆದು, ಕಿವಿರು ಕಿತ್ತು, ತುಂಡು ಮಾಡಬೇಕು. ಇವನು ಸ್ಟೂಲಿನ ಮೇಲೆ ಕೂತು ಬಲಗೈ ಚಾಚಿ 'ಅದನ್ನ ಕೊಡು, ಇದನ್ನ ತೆಗಿ' ಎನ್ನುತ್ತಾನೆ. ಮಿಕ್ಕ ಹೊತ್ತೆಲ್ಲ ಉಪದೇಶ.

ಅಕ್ಕ ಒಮ್ಮೆ ರಬ್ಬರ್ ಗ್ಲೌಸ್ ತಂದಾಗ, "ಇಷ್ಟು ನಾಜೂಕಿದ್ರೆ ಹೋಗಿ ಹೂವು ಮಾರು" ಎಂದು ಮೂಲೆಗೆಸೆದಿದ್ದ. ಯಾರಿಗೆ ಮುಳ್ಳು ಚುಚ್ಚಿದರೂ ಅವನ ಮದ್ದು ಒಂದೇ: ಜೀವಂತ ಮೀನು ಬಿಡುವ ತೊಟ್ಟಿಯ ಉಪ್ಪುನೀರಿನಲ್ಲಿ ಕೈ ಅದ್ದುವುದು. ಉಪ್ಪಿನಲ್ಲಿ ಕ್ರಿಮಿ ಬದುಕುವುದಿಲ್ಲವಂತೆ. ಅಷ್ಟು ಮೀನು ಬದುಕಿರುವ ನೀರಿನಲ್ಲಿ ಕ್ರಿಮಿ ಮಾತ್ರ ಯಾಕೆ ಸಾಯುತ್ತೆ ಎಂದು ನಾನು ಕೇಳಿದ್ದಕ್ಕೆ, "ಗಾಡಿ ಓಡಿಸೋನು ಗಾಡಿ ಓಡಿಸು" ಎಂದ.

ಕಳೆದ ಬೇಸಿಗೆಯಲ್ಲಿ ಗಿರಾಕಿಯೊಬ್ಬರ ಮುಂದೆ ಜಂಬ ಕೊಚ್ಚುತ್ತಾ ತೊಟ್ಟಿಗೆ ಕೈ ಹಾಕಿದ. ಮೀನಿನ ಬೆನ್ನುಮುಳ್ಳು ಹೆಬ್ಬೆರಳ ಬುಡಕ್ಕೆ ನೆಟ್ಟಿತು. ಮುಳ್ಳು ಕಿತ್ತು, ರಕ್ತ ಸೋರುವ ಕೈಯನ್ನು ಅದೇ ನೀರಿನಲ್ಲಿ ಇಳಿಬಿಟ್ಟು ಎಲ್ಲರಿಗೂ ಪಾಠ ಹೇಳಿದ.

ಸಂಜೆಗೆ ಮಣಿಕಟ್ಟು ಊದಿತು. ಬೆಳಗಾಗುವಷ್ಟರಲ್ಲಿ ಮೈ ಕೆಂಡ, ಕೈ ತುಂಬ ನೇರಳೆ ಬಣ್ಣದ ಬೊಬ್ಬೆ. "ವಿಷ ಹೊರಗೆ ಬರ್ತಿದೆ, ಒಳ್ಳೇದೇ" ಎಂದ ಮಹಾನುಭಾವ. ಅಕ್ಕ ನನಗೆ ಫೋನ್ ಮಾಡಿದಳು. ಅವನ ಬೈಗುಳ ಕೇಳುತ್ತಲೇ ಗಾಡಿಯಲ್ಲಿ ಹೇರಿಕೊಂಡು ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಕುಡಿಯುತ್ತೀರಾ ಎಂದು ಕೇಳಿದರು. ವಾಸನೆ ಬಾಗಿಲವರೆಗೂ ಹೊಡೆಯುತ್ತಿದ್ದರೂ, "ಮುಟ್ಟೋದೇ ಇಲ್ಲ" ಎಂದ.

"ಲಿವರ್ ಕೆಟ್ಟವರಿಗೆ ಇದು ಬೇಗ ಏರುತ್ತೆ, ಅದಕ್ಕೇ ಕೇಳಿದ್ದು. ಉಪ್ಪುನೀರಿನ ಬ್ಯಾಕ್ಟೀರಿಯಾ ಒಳಗೆ ಸೇರಿದೆ. ಚರ್ಮದ ಕೆಳಗಿನ ಮಾಂಸ ಸಾಯ್ತಾ ಇದೆ. ಬರೀ ಔಷಧಿಯಿಂದ ಆಗಲ್ಲ. ಈಗಲೇ ಮೊಣಕೈ ಕೆಳಗೆ ಕೈ ಕತ್ತರಿಸಿ ತೆಗೆದ್ರೆ ಜೀವ ಉಳಿಸಬಹುದು."

"ಮುಟ್ಟಬೇಡಿ! ಇದೇ ಕೈಯಲ್ಲಿ ಮನೆ ಸಾಕಿದೀನಿ. ಇದು ಹೋದ್ರೆ ನನ್ನ ಅಂಗಡಿ ಮುಚ್ಚಿದ ಹಾಗೇ."

ಬೊಬ್ಬೆಗಳು ಮೇಲೇರುತ್ತಿದ್ದವು, ಇವನು ವಾದಕ್ಕೆ ಕೂತಿದ್ದ. ನನ್ನ ಮೈಯೆಲ್ಲ ಉರಿಯಿತು. ಅಕ್ಕ ಮಂಚದ ಹತ್ತಿರ ಹೋದಳು. ಮದುವೆಯಾದಾಗಿನಿಂದ ಅವನಿಗೆ ಎದುರು ಮಾತಾಡದವಳು.

"ರೀ, ಮನೆ ಸಾಕಿದ್ದು ಈ ಕೈ," ಎಂದು ಕತ್ತಿಯ ಗೀರು ತುಂಬಿದ ತನ್ನ ಅಂಗೈಯನ್ನು ಅವನ ಮುಖದ ಮುಂದೆ ಹಿಡಿದಳು. "ನಿಮ್ಮದು ಬೆರಳು ತೋರಿಸೋ ಕೆಲಸ. ಅದಕ್ಕೆ ಎಡಗೈ ಸಾಕು. ಹೂಂ ಅನ್ನಿ."

ಅವನು ಅವಳ ಅಂಗೈ ನೋಡಿದ, ತನ್ನ ಬೊಬ್ಬೆಗಳನ್ನು ನೋಡಿದ. ಕೊನೆಗೆ ಹೂಂ ಎಂದ.

ಕೈ ಹೋಯಿತು, ಜೀವ ಉಳಿಯಿತು. ವಾರ್ಡಿಗೆ ತಂದ ಮೇಲೆ ಅವನ ಪಕ್ಕ ಕೂರುವ ಶಿಕ್ಷೆ ನನ್ನ ಪಾಲಿಗೆ ಬಂತು. ಬ್ಯಾಂಡೇಜು ಸುತ್ತಿದ ಮೋಟುಗೈ ನೋಡಿಕೊಂಡ; ಕಣ್ಣಲ್ಲಿ ಒಂದು ಹನಿ ಇಲ್ಲ. ಡಾಕ್ಟರಿಗೆ ಏನೂ ಗೊತ್ತಿಲ್ಲ, ಉಪ್ಪುನೀರಲ್ಲಿ ಇನ್ನೊಂದಿಷ್ಟು ಹೊತ್ತು ಇಡಬೇಕಿತ್ತು ಎಂದು ಶುರುಮಾಡಿದ. ಆಮೇಲೆ ನಿಟ್ಟುಸಿರು ಬಿಟ್ಟು, "ಪಾಪ, ನಾನಿಲ್ಲದೆ ಅಂಗಡಿ ಬಾಗಿಲು ಹಾಕಿರಬೇಕು, ಅಲ್ವೇನೋ?" ಎಂದ.

"ಇಲ್ಲ ಭಾವ. ಅಕ್ಕ ಹೊಸ ಗ್ಲೌಸ್ ಹಾಕ್ಕೊಂಡು ಬೆಳಿಗ್ಗೆನೇ ತೆಗೆದಳು. ಮಧ್ಯಾಹ್ನದೊಳಗೆ ಮೀನೆಲ್ಲ ಖಾಲಿ."

ಪಂಡಿತ ಗೋಡೆ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತ.