ಹಾಲೇಶಣ್ಣನ ಒಂದು ನಿಮಿಷ

ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಆರೂವರೆಗೆ ಹೊರಡುತ್ತಿದ್ದ ನಮ್ಮ ಬಸ್ಸಿನ ಡ್ರೈವರ್ ಕಿಟಕಿಯಿಂದ ದಪ್ಪನೆಯ ಬಲಗೈಯೊಂದು ಹೊರಗೆ ಚಾಚಿಕೊಳ್ಳುತ್ತಿತ್ತು. ಖಾಕಿ ಅಂಗಿಯ ತೋಳು ಮೊಣಕೈವರೆಗೆ ಮಡಚಿರುತ್ತಿತ್ತು. ನಾನು ಟಿಕೆಟ್ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೆಳಗೆ ನಿಂತು, ಆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ನನ್ನ ಕೈಗಡಿಯಾರದ ಸೆಕೆಂಡ್ ಮುಳ್ಳನ್ನೇ ನೋಡುತ್ತಿದ್ದೆ. ಪೂರ್ತಿ ಒಂದು ನಿಮಿಷ. ನೋಡಿದ ಜನ ತಮಗೆ ತೋಚಿದ್ದನ್ನು ಅಂದುಕೊಂಡರು. ಕಂಡಕ್ಟರು ಡ್ರೈವರಿಗೆ ದಿನಾ ಶಕುನ ನೋಡುತ್ತಾನೆ ಎಂದವರಿದ್ದರು. ಅಡಿಕೆ ಚೀಲ ಹಾಕಲು ಬರುತ್ತಿದ್ದ ಮುದುಕರೊಬ್ಬರು ನನ್ನ ಮುಂದೆಯೂ ಕೈ ಚಾಚಿ, ಮಗಳಿಗೆ ಗಂಡು ಯಾವ ದಿಕ್ಕಿನಿಂದ ಬರುತ್ತದೆ ಹೇಳಪ್ಪ ಎಂದು ಕೇಳಿದ್ದರು.

ನಾನು ನೋಡುತ್ತಿದ್ದದ್ದು ಹಾಲೇಶಣ್ಣನ ನಾಡಿ. ಅದು ಅರವತ್ತಕ್ಕಿಂತ ಕೆಳಗಿದ್ದರೆ ಅವನು ಆ ದಿನದ ಬಿಳಿ ಮಾತ್ರೆ ನುಂಗುವ ಹಾಗಿರಲಿಲ್ಲ. ಮೂರು ವರ್ಷ ನಾನು ಹೀಗೆ ಎಣಿಸಿದ್ದೇನೆ. ಟಿಕೆಟ್ ಹರಿದದ್ದಕ್ಕಿಂತ ಈ ಎಣಿಕೆಯೇ ನನ್ನನ್ನು ಹೆಚ್ಚು ದಣಿಸಿತು ಎಂದು ಈಗಲೂ ಅನ್ನಿಸುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ನಮ್ಮದು ಖಾಸಗಿ ಬಸ್ಸು. ನ್ಯಾಮತಿ ಬಿಟ್ಟು ಹೊನ್ನಾಳಿ, ಬಸವಾಪಟ್ಟಣ, ಸೂಳೆಕೆರೆ ಏರಿ, ಚನ್ನಗಿರಿ, ದಾವಣಗೆರೆ ದಾಟಿ ಜಗಳೂರು ಸೇರಿದರೆ ಅವತ್ತಿನ ಡ್ಯೂಟಿ ಮುಗಿಯಿತು. ಅಲ್ಲೇ ತಂಗಿ ಮರುದಿನ ವಾಪಸ್ಸು. ಡ್ರೈವರ್ ಹಾಲೇಶಪ್ಪ, ನನ್ನ ಬಾಯಲ್ಲಿ ಹಾಲೇಶಣ್ಣ, ಹೊನ್ನಾಳಿಯವನು, ಆಗ ನಲವತ್ತೈದರ ಆಸುಪಾಸು. ಜಗಳೂರು ಕಡೆಯವನಾದ ನನಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನನ್ನ ಹೆಸರು ತಿಪ್ಪೇಸ್ವಾಮಿ. ಅವನ ಬಾಯಲ್ಲಿ ತಿಪ್ಪೇಶಿ.

ದನ ಅಡ್ಡ ಬಂದರೆ ಹಾರನ್ ಹೊಡೆಯದ ಡ್ರೈವರನ್ನು ನಾನು ಕಂಡದ್ದು ಅವನೊಬ್ಬನನ್ನೇ. ಬಸ್ಸು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದ. ಹಿಂದೆ ಇನ್ನೊಂದು ಕಂಪನಿಯ ಬಸ್ಸು ಬರುತ್ತಿದೆ, ನಮ್ಮ ಪ್ಯಾಸೆಂಜರ್ ಎತ್ತಿಕೊಳ್ಳುತ್ತಾನೆ ಎಂದು ನಾನು ಗೊಣಗಿದರೆ, "ಅದಕ್ಕೇನು ಗೊತ್ತು ಮಾರಾಯ ನಮ್ಮ ಟೈಮಿಂಗು" ಎನ್ನುತ್ತಿದ್ದ. ಕೂಸು ಎತ್ತಿಕೊಂಡು ಓಡಿ ಬರುವ ಹೆಂಗಸು ದೂರದ ಹೊಲದಲ್ಲಿ ಚುಕ್ಕೆಯಾಗಿ ಕಂಡರೂ ಕಾಯುತ್ತಿದ್ದ. ನಾನು "ರೈಟ್" ಎನ್ನದೆ ಬಸ್ಸನ್ನು ಒಂದು ಗೇಣೂ ಮುಂದೆ ಬಿಡುತ್ತಿರಲಿಲ್ಲ. ಬೇರೆ ಡ್ರೈವರುಗಳಿಗೆ ಕಂಡಕ್ಟರ್ ಅಂದರೆ ಚಿಲ್ಲರೆ ಎಣಿಸುವ ಆಳು. ಇವನು ಮಾತ್ರ, "ಮುಂದಿಂದು ನಂಗೆ ಕಾಣ್ತೈತೆ, ಹಿಂದಿಂದು ನಿಂಗೆ ಕಾಣ್ತೈತೆ. ನೀ ಹೇಳ್ದೆ ನಾ ಹೆಂಗೆ ಹೋಗ್ಲಿ" ಎನ್ನುತ್ತಿದ್ದ.

ಕಾಯಿಲೆ ಮೊದಲು ಕಂಡದ್ದು ನನಗೇ. ಬಸ್ಸಿನ ಮೇಲೆ ಮೂಟೆ ಏರಿಸಲು ಏಣಿ ಹತ್ತಿದವನು ಅರ್ಧದಲ್ಲೇ ನಿಂತು ಏದುಸಿರು ಬಿಡತೊಡಗಿದ. ಜಗಳೂರಿನಲ್ಲಿ ಹಿಂದಿನ ಸೀಟಿನ ಮೇಲೆ ಅಂಗಾತ ಮಲಗಿದ್ದಾಗ ಅಂಗಿ ಎದೆಯ ಮೇಲೆ ಪಟಪಟ ಅದುರುತ್ತಿತ್ತು. ಫ್ಯಾನು ಇರಲಿಲ್ಲ, ಗಾಳಿಯೂ ಇರಲಿಲ್ಲ. ನಾನು ಹಟ ಹಿಡಿದು ದಾವಣಗೆರೆಯ ಡಾಕ್ಟರೊಬ್ಬರ ಹತ್ತಿರ ಕರೆದೊಯ್ದೆ. ಎದೆಗೆ, ಕೈಕಾಲಿಗೆ ತಂತಿ ಹಚ್ಚಿ ಇಸಿಜಿ ಪಟ್ಟಿ ತೆಗೆದರು. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತಾ ಎಂದು ಕೇಳಿದರು. ಬಂದಿತ್ತು. ಆಗಲೇ ಹೃದಯದ ಒಂದು ಬಾಗಿಲು, ಅಂದರೆ ವಾಲ್ವು, ಕೆಟ್ಟಿದೆ, ಈಗ ಹೃದಯದ ಮೇಲಿನ ಕೋಣೆ ಬಡಿಯುವುದು ಬಿಟ್ಟು ನಡುಗುತ್ತಿದೆ, ಅದಕ್ಕೇ ನಾಡಿ ಒಂದು ಲೆಕ್ಕಕ್ಕೆ ನಿಲ್ಲುತ್ತಿಲ್ಲ ಎಂದರು.

ಆಮೇಲೆ ನಿಯಮಗಳು. ಹೃದಯದ ಓಟ ತಗ್ಗಿಸುವ ಬಿಳಿ ಮಾತ್ರೆ ವಾರಕ್ಕೆ ಐದೇ ದಿನ. ಮೈಯಲ್ಲಿ ಕೂಡಿಕೊಳ್ಳುವ ಔಷಧಿ ಅದು, ಎರಡು ದಿನ ಬಿಡಲೇಬೇಕು. ನುಂಗುವ ಮೊದಲು ನಾಡಿ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಆಗದು, ಇದು ಒಮ್ಮೆ ಓಡುತ್ತದೆ ಒಮ್ಮೆ ನಿಲ್ಲುತ್ತದೆ, ಪೂರ್ತಿ ನಿಮಿಷ ಬೇಕು. ಕಾಲಿನ ಊತಕ್ಕೆ ಮೈಯ ನೀರು ಇಳಿಸುವ ಮಾತ್ರೆ. ಅದರ ಜತೆ ಪೊಟ್ಯಾಸಿಯಂ ಎಂಬ ಲವಣವೂ ಮೈಯಿಂದ ಹೊರಟುಹೋಗುತ್ತದೆ, ಅದಕ್ಕೆ ಬಾಳೆಹಣ್ಣು, ಎಳನೀರು.

"ಪೊಟ್ಯಾಶು ಅಂತ ತೋಟಕ್ಕೆ ಹಾಕ್ತಾರಲ್ರೀ, ಆ ಗೊಬ್ಬರಾನ?" ಎಂದ ಹಾಲೇಶಣ್ಣ.

ಡಾಕ್ಟರು ನಕ್ಕು, ಹಾಗೇ ತಿಳಿದುಕೊಳ್ಳಿ ಎಂದರು. ಅವತ್ತಿನಿಂದ ಬಸವಾಪಟ್ಟಣ ಬಂದ ಕೂಡಲೇ, "ತಿಪ್ಪೇಶಿ, ಗೊಬ್ಬರ ತಗಂಬಾ" ಎನ್ನುವುದು ರೂಢಿಯಾಯಿತು. ನಾನು ಇಳಿದು ಎರಡು ಬಾಳೆಹಣ್ಣು ತರುತ್ತಿದ್ದೆ.

ಹೊರಡುವಾಗ ಡಾಕ್ಟರು, ಏನು ಕೆಲಸ ಮಾಡ್ತೀರಿ ಎಂದು ಕೇಳಿದ್ದರು. "ಬಸ್ಸಿನಾಗೆ ಇದೀನ್ರೀ" ಎಂದ ಇವನು. ಅವರು ನನ್ನ ಟಿಕೆಟ್ ಚೀಲ ನೋಡಿ ಇಬ್ಬರೂ ಕಂಡಕ್ಟರುಗಳೆಂದು ತಿಳಿದು, ಜಾಸ್ತಿ ಹೊತ್ತು ನಿಂತಿರಬೇಡಿ ಎಂದರು. ನಾನು ತಿದ್ದಲಿಲ್ಲ. ಆಚೆ ಬಂದ ಮೇಲೆ ಹಾಲೇಶಣ್ಣ, "ಡ್ರೈವರ್ ಅಂದ್ರೆ ನಾಳೆಯಿಂದ ಮನ್ಯಾಗೆ ಕೂರಿಸ್ತಾರೆ. ಸ್ಟೀರಿಂಗ್ ಬಿಟ್ಟು ನಂಗೆ ಬ್ಯಾರೆ ಏನು ಬರ್ತೈತೆ ಹೇಳು" ಎಂದ. ಈ ವಿಷಯ ನಮ್ಮ ಓನರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದೂ ಅವತ್ತಿನಿಂದ ನನ್ನ ಕೆಲಸವಾಯಿತು.

ನಿಯಮಗಳನ್ನು ಅವನು ಮುರಿಯಲಿಲ್ಲ, ತನ್ನ ಡ್ಯೂಟಿಗೆ ಹೊಂದಿಸಿಕೊಂಡ. ನೀರಿನ ಮಾತ್ರೆ ಬೆಳಿಗ್ಗೆ ತೆಗೆದುಕೊಂಡರೆ ಮರ ಕಂಡಲ್ಲೆಲ್ಲ ಬಸ್ಸು ನಿಲ್ಲಿಸಬೇಕಾಗುತ್ತದೆ, ಮುಂದಿನ ಸೀಟಿನಲ್ಲಿ ಹೆಂಗಸರು ಕೂತಿರುತ್ತಾರೆ. ಅದಕ್ಕೆ ಆ ಮಾತ್ರೆ ಸಂಜೆಗೆ ಹೋಯಿತು. ಹಗಲೆಲ್ಲ ಬಿಸಿ ಇಂಜಿನ್ನಿನ ಪಕ್ಕ ಕೂತರೂ ನೀರು ಕುಡಿಯುತ್ತಿರಲಿಲ್ಲ. ಡಾಕ್ಟರು ಇಷ್ಟೇ ಕುಡಿ ಎಂದಿದ್ದರು ನಿಜ, ಕುಡಿಯಲೇಬೇಡ ಎಂದಿರಲಿಲ್ಲ. ನಾನು ರೇಗಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು: "ನಿಮ್ಮ ಜಗಳೂರಿನ ಉಪ್ಪು ನೀರು ಕುಡಿದ್ರೆ ಇನ್ನೊಂದು ಲೋಟ ಕೇಳ್ತೈತೆ. ಅದಕ್ಕೆ ಕುಡಿಯಾಕೆ ಹೋಗಲ್ಲ."

ಬಿಳಿ ಮಾತ್ರೆಯ ಎರಡು ದಿನದ ಬಿಡುವು ಅವನಿಗೆ ಬಹಳ ಹಿಡಿಸಿಬಿಟ್ಟಿತು. ವಾರದಲ್ಲಿ ಎರಡು ದಿನ ನಮ್ಮ ಬಸ್ಸಿಗೆ ಬದಲಿ ಡ್ರೈವರ್ ಬರುತ್ತಿದ್ದ. ಆ ಎರಡು ದಿನವೇ ಮಾತ್ರೆಗೂ ಬಿಡುವು. "ನಾನೂ ಐದು ದಿನದ ಆಳು, ಅದೂ ಐದು ದಿನದ ಆಳು. ಇಬ್ರಿಗೂ ಒಂದೇ ರಜೆ" ಎಂದು ಮನೆಯಲ್ಲಿ ಹೆಂಡತಿ ಶಾಂತಮ್ಮನವರಿಗೂ ಹೇಳಿಕೊಟ್ಟಿದ್ದ. ಅವರು ಹೊನ್ನಾಳಿಯ ಮನೆಯಲ್ಲಿ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕಳಿಸುವಾಗ ರಜೆಯ ದಿನದ ಪೊಟ್ಟಣ ಕಟ್ಟುತ್ತಲೇ ಇರಲಿಲ್ಲ. ಅದರಿಂದ ಕೆಡುಕೇನೂ ಆಗಲಿಲ್ಲ. ಮೂರು ಬೇಸಿಗೆ ಹಾಗೇ ದಾಟಿದೆವು.

ನಾಲ್ಕನೆಯ ಬೇಸಿಗೆಯಲ್ಲಿ ಬದಲಿ ಡ್ರೈವರ್ ಕೆಲಸ ಬಿಟ್ಟು ಲಾರಿಗೆ ಹೋದ. ಓನರು ಬೇರೆಯವನನ್ನು ಹುಡುಕುವವರೆಗೆ ಹಾಲೇಶಣ್ಣನಿಗೆ ರಜೆ ಇಲ್ಲ. ಮದುವೆ ಕಾಲ, ಬಸ್ಸು ತುಂಬಿ ತುಳುಕುತ್ತಿತ್ತು. ಮೂರು ವಾರ ಒಂದೇ ಸಮ ಓಡಿಸಿದ. ಅವನ ರಜೆ ಹೋದದ್ದರಿಂದ ಮಾತ್ರೆಯ ರಜೆಯೂ ಹೋಯಿತು. ದಿನಕ್ಕೊಂದು ಪೊಟ್ಟಣ, ಬಿಡುವಿಲ್ಲದೆ. ಅದು ನನ್ನ ಕಣ್ಣಿಗೆ ಬೀಳಬೇಕಿತ್ತು. ನಾನೂ ಆ ಮೂರು ವಾರ ರಜೆ ಕಾಣದವನೇ. ಕಿಟಕಿಯಿಂದ ಕೈ ಬಂದಾಗ ಹಿಂದಿನ ಬಾಗಿಲಲ್ಲಿ ಜನ ಜಗ್ಗಾಡುತ್ತಿದ್ದರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ, ಅರವತ್ತೆಂಟು ಎಂದೋ ಎಪ್ಪತ್ತು ಎಂದೋ ಕೂಗಿ ಓಡುತ್ತಿದ್ದೆ. ಎಷ್ಟು ದಿನ ಹಾಗೆ ಮಾಡಿದೆ ಎಂದು ಯಾರೂ ಕೇಳಿಲ್ಲ. ಹನ್ನೆರಡು ದಿನ.

ಮೂರು ವಾರ ತುಂಬುವ ಹೊತ್ತಿಗೆ, ಆ ಹನ್ನೆರಡು ದಿನ ಕಳೆದು ಹದಿಮೂರನೆಯ ದಿನ, ಸೂಳೆಕೆರೆ ಏರಿಯ ಮೇಲೆ ಬಸ್ಸು ತೀರಾ ನಿಧಾನವಾಯಿತು. ಒಂದು ಪಕ್ಕ ಕಣ್ಣು ಹಾಯುವಷ್ಟು ನೀರು, ಇನ್ನೊಂದು ಪಕ್ಕ ಇಳಿಜಾರು, ಒಳಗೆ ಎಂಬತ್ತು ಜನ. ನಾನು ಜನರನ್ನು ಸರಿಸಿಕೊಂಡು ಮುಂದೆ ಹೋದೆ. ಹಾಲೇಶಣ್ಣ ಕಣ್ಣು ಕಿರಿದು ಮಾಡಿ ರಸ್ತೆ ನೋಡುತ್ತಿದ್ದ.

"ತಿಪ್ಪೇಶಿ, ಕೆರೆ ನೀರು ಯಾಕೆ ಅರಿಶಿಣ ಕಲಸಿದಂಗೆ ಐತೆ?" ಎಂದ.

ನೀರು ಎಂದಿನಂತೆಯೇ ಇತ್ತು. "ಎಷ್ಟು ದಿನದಿಂದ ಹಿಂಗೆ ಕಾಣ್ತೈತೆ?" ಎಂದು ಕೇಳಿದೆ.

"ನಾಕು ದಿನ ಆತು. ಎಲ್ಲಾ ಹಳದಿ. ಊಟಾನೂ ಸೇರವಲ್ದು." ಅಷ್ಟು ಹೇಳಿ ಏರಿ ದಾಟಿಸಿ ಬಸ್ಸು ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡ. ಬಾಯಿ ತೊಳೆದು, ನನಗೆ ಮಾತಾಡಲು ಬಿಡದೆ ಚನ್ನಗಿರಿವರೆಗೆ ಓಡಿಸಿದ. ಆ ದಾರಿಯಲ್ಲಿ ನಾನು ಒಂದು ಟಿಕೆಟ್ಟನ್ನೂ ಹರಿಯಲಿಲ್ಲ, ಅವನ ಬೆನ್ನ ಹಿಂದೆ ಕಂಬಿ ಹಿಡಿದು ನಿಂತೇ ಇದ್ದೆ.

ಚನ್ನಗಿರಿಯಲ್ಲಿ ಜನ ಇಳಿದರು, ಹತ್ತಿದರು. ನಾನು ಕೆಳಗಿಳಿದು ಕಿಟಕಿಯ ಬಳಿ ಹೋಗಿ ಕೈ ಕೇಳಿದೆ. ಬೇಡವೆನ್ನಲಿಲ್ಲ, ಚಾಚಿದ. ಪೂರ್ತಿ ನಿಮಿಷ ಎಣಿಸಿದೆ. ನಲವತ್ತನಾಲ್ಕು. ಹಿಂದಕ್ಕೆ ಹೋಗಿ ಬಾಗಿಲಲ್ಲಿ ನಿಂತೆ. ಇಂಜಿನ್ ಗುರುಗುಡುತ್ತಿತ್ತು. ಕನ್ನಡಿಯಲ್ಲಿ ಅವನು ನನ್ನನ್ನೇ ನೋಡುತ್ತಿದ್ದ. ನಾನು ರೈಟ್ ಎನ್ನಲಿಲ್ಲ. ಏನಯ್ಯಾ ಕಂಡಕ್ಟರ್, ಮದುವೆ ಮುಹೂರ್ತ ಮೀರ್ತೈತೆ ಎಂದು ಒಳಗಿನವರು ರೇಗಿದರು. ಅವನು ಕಿಟಕಿಯಿಂದ ಬಗ್ಗಿ, "ರೈಟ್ ಅನ್ನು ಮಾರಾಯ" ಎಂದ.

"ಅನ್ನಾಕಿಲ್ಲ, ಹಾಲೇಶಣ್ಣ."

"ದಾವಣಗೆರೆಗೆ ಹೋಗಿ ಡಾಕ್ಟ್ರನ್ನ ನೋಡೋಣ. ಬಸ್ಸೂ ಅಲ್ಲಿಗೇ ಹೋಗ್ತೈತೆ."

"ಹೋಗೋಣ. ನೀನು ಓಡಿಸ್ಬ್ಯಾಡ."

ಅವನು ಗೇರಿನ ಮೇಲೆ ಕೈ ಇಟ್ಟ. ನನ್ನನ್ನು ಬಿಟ್ಟು ಬಸ್ಸು ಎಳೆದುಕೊಂಡು ಹೋಗಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆಮೇಲೆ ಇಂಜಿನ್ ಆರಿಸಿ, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಇಳಿದ. ಜನ ಬೈಯುತ್ತಾ ಬೇರೆ ಬಸ್ಸು ಹತ್ತಿದರು. ನಾವು ಕಾರು ಗೊತ್ತು ಮಾಡಿಕೊಂಡು ದಾವಣಗೆರೆಗೆ ಹೋದೆವು. ಬಿಳಿ ಮಾತ್ರೆ ಮೈಯಲ್ಲಿ ಏರಿ ವಿಷವಾಗಿದೆ, ಎಲ್ಲ ಹಳದಿಯಾಗಿ ಕಾಣುವುದೂ ಅದರಿಂದಲೇ, ಲವಣವೂ ನೀರೂ ಬತ್ತಿವೆ, ಇನ್ನು ಎರಡು ದಿನ ಹೀಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಇವನು ಡ್ರೈವರ್ ಎಂಬುದನ್ನು ಅವತ್ತು ನಾನೇ ಅವರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಎಂಟು ದಿನಕ್ಕೆ ಬಣ್ಣಗಳೆಲ್ಲ ಸರಿಯಾದವು. ಪಿತ್ತ ಆಗಿತ್ತು ಎಂದು ಓನರಿಗೆ ಹೇಳಿ ಸೋಮವಾರದಿಂದ ಬಸ್ಸು ಹತ್ತುತ್ತೇನೆ ಎಂದ ಹಾಲೇಶಣ್ಣ. ಏರಿಯ ಮೇಲಿನ ಎಂಬತ್ತು ಜನ ನನ್ನ ಕಣ್ಣ ಮುಂದೆ ಬರುತ್ತಿದ್ದರು, ಜತೆಗೆ ಅರ್ಧ ನಿಮಿಷದ ನನ್ನ ಲೆಕ್ಕ. ಭಾನುವಾರ ಹೊನ್ನಾಳಿಯಲ್ಲಿ ಓನರ ಮನೆಗೆ ಹೋಗಿ ಮೂರು ವರ್ಷದ ಕತೆಯನ್ನೆಲ್ಲ ಹೇಳಿದೆ. ಸೋಮವಾರ ಅವನು ಬಸ್ಸಿನ ಕೀ ಕೇಳಲು ಬಂದಾಗ ನಾನು ಅಲ್ಲೇ ಇದ್ದೆ. "ತಿಪ್ಪೇಸ್ವಾಮಿ ಎಲ್ಲಾ ಹೇಳ್ಯಾನಪ್ಪ. ಇನ್ಮ್ಯಾಲೆ ನೀನು ಬಸ್ಸು ಮುಟ್ಟೋದು ಬ್ಯಾಡ" ಎಂದರು ಓನರು. ಹಾಲೇಶಣ್ಣ ನನ್ನ ಕಡೆ ಒಮ್ಮೆ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಟ. ಬೈದಿದ್ದರೆ ಚೆನ್ನಾಗಿತ್ತು.

ಓನರು ಅವನನ್ನು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಮಾಡಿದರು. ಊರುಗಳ ಹೆಸರು ಕೂಗಿ ಜನ ಹತ್ತಿಸುವ ಕೆಲಸ. ಕೂಗಲು ಅವನಿಗೆ ಉಸಿರಿರಲಿಲ್ಲ. ನಮ್ಮ ಬಸ್ಸು ಬಂದಾಗ ಟೈಮಿನ ಚೀಟಿ ಕೊಡುತ್ತಿದ್ದ, ನಾನು ಇಸಿದುಕೊಳ್ಳುತ್ತಿದ್ದೆ. ಒಂದು ವರ್ಷ ನಮ್ಮ ನಡುವೆ ಇದ್ದದ್ದು ಆ ಚೀಟಿ ಮಾತ್ರ. ಒಮ್ಮೆ ಬೆಂಗಳೂರಿಗೆ ಹೋಗಿ ಬಂದ. ಬಂದ ದಿನ ತಾನಾಗಿಯೇ ನನ್ನ ಕೂಡ ಮಾತಾಡಿದ: "ಎದೆಗೆ ಕರೆಂಟ್ ಕೊಟ್ರು ತಿಪ್ಪೇಶಿ. ಮಂಪರು ಬರ್ಸಿ ಕೊಡ್ತಾರೆ, ಗೊತ್ತಾಗಲ್ಲ. ಎದ್ದಾಗ ನೆಟ್ಟಗೆ ಬಡಿತಿತ್ತು, ಹನ್ನೊಂದು ದಿನ. ಆಮ್ಯಾಲೆ ಮತ್ತೆ ಶುರು." ಹೃದಯದ ಬಾಗಿಲು ಬಿಡಿಸುವ ಆಪರೇಷನ್ ಬಗ್ಗೆಯೂ ಹೇಳಿದ್ದರಂತೆ. "ಸಾಕಾಗೈತೆ ಕಣಪ್ಪ, ಇನ್ನು ಎದೆ ಕೊಯ್ಸಾಕೆ ಹೋಗಲ್ಲ" ಎಂದ. ನಾನು ಒತ್ತಾಯ ಮಾಡಲಿಲ್ಲ. ನನಗೂ ಸಾಕಾಗಿತ್ತು. ಹಾಗೆ ಅನ್ನಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ತಲೆಗೆ ಹೋಗಿತ್ತಂತೆ. ಮೂರನೆಯ ದಿನ ಹೋದ. ನಾನು ಜಗಳೂರಿನಲ್ಲಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಹದಿನೈದು ದಿನ ಬಿಟ್ಟು ಹೊನ್ನಾಳಿಯ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕು, ಶಾಂತಮ್ಮನವರು ಏನು ಬೈದರೂ ಕೇಳಿಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವರು ಕಾಫಿ ಕೊಟ್ಟು ಎದುರಿಗೆ ಕೂತರು.

"ನಿಮ್ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದು ಅವರೇ ಶುರು ಮಾಡಿದರು. "ಅವ್ರು ಬಸ್ಸಿನ ಕೆಲ್ಸ ಬಿಟ್ರಲ್ಲ, ಯಾರೂ ಬಿಡಿಸಿದ್ದಲ್ಲ. ತಾವೇ ಓನರ್ ಮನೆಗೆ ಹೋಗಿ, ನನ್ನ ಎದೆ ಸರಿ ಇಲ್ರೀ, ಇಷ್ಟು ಜನರ ಜೀವ ನನ್ನ ಕೈಯಾಗೆ ಬ್ಯಾಡ ಅಂತ ಹೇಳಿ ಬಂದ್ರಂತೆ. ಸಾಯೋತನಕ ಅದನ್ನ ಹೇಳ್ಕೊಂಡು ಹೆಮ್ಮೆ ಪಡೋರು. ನಿಮಗೆ ಮುಂಚೆ ಹೇಳ್ಲಿಲ್ಲ ಅಂತ ನೀವು ಬೇಜಾರು ಮಾಡ್ಕಂಡಿದ್ರಿ, ಅದಕ್ಕೇ ಮಾತು ಬಿಟ್ಟಿದ್ರಿ ಅಂತಿದ್ರು. ಮನಸಿಗೆ ಹಚ್ಕಬ್ಯಾಡ್ರಿ. ತಿಪ್ಪೇಶಿಗೆ ಹೇಳಿದ್ರೆ ಅವ್ನು ನನ್ನ ತಡೀತಿದ್ದ, ಅದಕ್ಕೇ ಹೇಳ್ಲಿಲ್ಲ ಅಂತಿದ್ರು."

ನನ್ನ ಕೈಯಲ್ಲಿದ್ದ ಲೋಟ ಬಿಸಿಯಿತ್ತು. ಅದನ್ನು ಕೆಳಗಿಟ್ಟೆ.

"ಹೌದ್ರೀ ಅತ್ತಿಗೆಮ್ಮ," ಎಂದೆ, "ತಡೀತಿದ್ದೆ."