ಹನ್ನೊಂದು ಮನೆಯ ಮೋಟರುಗಳು

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ರೊಟ್ಟಿಯ ಹಿಟ್ಟು ನಾದಿದ ಕೈಯಲ್ಲೇ ಟಾಕಿಗೆ ನೀರೇರಿಸಲು ಮೋಟರ್ ಹಚ್ಚಿ, ಹಾಲು ಒಲೆಗಿಟ್ಟೆ. ಹಾಲು ಉಕ್ಕುವ ಹೊತ್ತಿಗೇ ಕರೆಂಟ್ ಹೋಯಿತು. ಒಳಗೆ ಅತ್ತೆ ಕೆಮ್ಮತೊಡಗಿದರು. ಅವರಿಗೆ ದಮ್ಮು, ಮಷೀನಿನಿಂದ ಔಷಧಿಯ ಹೊಗೆ ಎಳೆದುಕೊಂಡರೇ ಉಸಿರು ಸಲೀಸು.

ಲಿಂಗಸುಗೂರಿನ ನಮ್ಮ ಗಲ್ಲಿಯ ಹನ್ನೊಂದು ಮನೆಗಳಿಗೆ ಒಂದೇ ಟ್ರಾನ್ಸ್‌ಫಾರ್ಮರ್. ಹೋದ ಕರೆಂಟ್ ಬಂದಾಗ ಎಲ್ಲರ ಮೋಟರೂ ಒಟ್ಟಿಗೆ ಎದ್ದರೆ ಫ್ಯೂಸ್ ಸುಡುತ್ತದೆ. ಕಂಬಕ್ಕೊಂದು ಪೆಟ್ಟಿಗೆ ಕೂರಿಸಿ ಎಲ್ಲರ ಮೋಟರಿನ ವೈರನ್ನೂ ಅದಕ್ಕೆ ಜೋಡಿಸಿದರೆ ಅದೇ ಒಂದೊಂದಾಗಿ ಬಿಡುತ್ತದೆ ಎಂದು ಲೈನ್‌ಮನ್ ಹೇಳಿದ್ದ. ಬೇಡವೆಂದವಳು ನಾನೇ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಯಾರೂ ಹೇಳದಿದ್ದರೂ ಒಂದೇ ನಳದ ಮುಂದೆ ಸಾಲಾಗಿ ನಿಂತು ಬೆಳೆದವಳು. ನಮ್ಮ ಸ್ವಿಚ್ಚು ನಮ್ಮ ಕೈಯಲ್ಲೇ ಇರಲಿ, ಕರೆಂಟ್ ಹೋದ ಕೂಡಲೇ ಬಂದ್ ಮಾಡೋಣ, ಬಂದ ಮೇಲೆ ಪಾಳಿ ಪ್ರಕಾರ ಹಚ್ಚೋಣ ಎಂದಿದ್ದೆ. ಎಲ್ಲರೂ ಗೋಣು ಹಾಕಿದ್ದರು.

ಕರೆಂಟ್ ಬಂತು. ಮಷೀನ್ ಹಚ್ಚಿ ಅತ್ತೆಯ ಮೂಗಿಗೆ ಹಿಡಿದೆ. ಗಲ್ಲಿಯೆಲ್ಲ ಒಮ್ಮೆಲೇ ಗುಂಯ್ ಎಂದಿತು, ಹೊರಗೆ ಢಬ್ ಎಂದು ಸದ್ದಾಯಿತು, ಮಷೀನ್ ನಿಂತಿತು. ಅತ್ತೆಯ ಕೊರಳಿನ ನರಗಳು ಉಬ್ಬಿದವು. ಬಿಸಿನೀರು ಕುಡಿಸಿ, ಬೆನ್ನು ತಿಕ್ಕಿ, ಉಸಿರು ತುಸು ಹದಕ್ಕೆ ಬಂದ ಮೇಲೆ ಸಿಟ್ಟಿನಲ್ಲಿ ಹೊರಬಿದ್ದು, ಮೋಟರ್ ಯಾಕೆ ಬಂದ್ ಮಾಡಲಿಲ್ಲವೆಂದು ಮನೆಮನೆಯಲ್ಲೂ ಕೇಳಿದೆ.

"ಮರ್ತೇನ್ರಿ ಅಕ್ಕಾರ," ಎಂದಳು ಒಬ್ಬಳು, ಬಾಯಿತುಂಬ ಪೇಸ್ಟಿನ ನೊರೆ.

"ನಾ ಒಬ್ಬಾಕಿ ಬಂದ್ ಮಾಡಿದ್ರ ಏನಾಕ್ಕಿತ್ರಿ? ಎದುರು ಮನಿಯವ್ರಿಗೆ ಹೇಳ್ರಿ ಮೊದಲ," ಎಂದಳು ಇನ್ನೊಬ್ಬಳು.

ಮುಖಗಳಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ಹೇಸಿಗೆಯೆನಿಸಿ ಮನೆಗೆ ಬಂದೆ.

"ಎಲ್ಲಾರ್ನೂ ಬೈದು ಬಂದಿಯೇನವ್ವಾ?" ಅತ್ತೆ ಏದುತ್ತ ಕೇಳಿದರು. "ನಮ್ಮ ಮೋಟರ್ ಬಂದ್ ಮಾಡಿದ್ದಿಯೇನು?"

ಬಚ್ಚಲ ಗೋಡೆಯ ಸ್ವಿಚ್ಚಿನಲ್ಲಿ ನನ್ನ ಹಿಟ್ಟಿನ ಬೆರಳಿನ ಗುರುತಿತ್ತು. ಹಚ್ಚಿದ್ದು ಹಚ್ಚಿದಂತೆಯೇ ಇತ್ತು. ಬಂದ್ ಮಾಡಿದೆ. ಹಿಟ್ಟಿನ ಗುರುತನ್ನು ಸೆರಗಿನಿಂದ ಒರೆಸಿದೆ. ಗಲ್ಲಿಯವರಿಂದ ಅದನ್ನು ಮುಚ್ಚಿಟ್ಟೆ. ನನ್ನ ಮೇಲೇ ಹುಟ್ಟಿದ ಹೇಸಿಗೆ ಅವರೆಲ್ಲರ ಮೇಲಿನದಕ್ಕಿಂತ ಹೆಚ್ಚಾಗಿತ್ತು.

ಮಧ್ಯಾಹ್ನ ಫ್ಯೂಸ್ ಹಾಕಲು ಬಂದ ಲೈನ್‌ಮನ್‌ಗೆ, ಪೆಟ್ಟಿಗೆ ಕೂರಿಸಿಬಿಡಪ್ಪಾ ಎಂದು ಹೇಳಿ, ಅರ್ಜಿ ಬರೆದು ಮೊದಲ ಸಹಿ ನಾನೇ ಹಾಕಿದೆ. ಅತ್ತೆಯ ಉಸಿರನ್ನು ಇನ್ನು ಯಾರ ನೆನಪಿನ ಮೇಲೂ ಬಿಡುವಂತಿರಲಿಲ್ಲ, ನನ್ನದರ ಮೇಲೂ. ಉಳಿದವರೂ ನಗುನಗುತ್ತಲೇ ಸಹಿ ಹಾಕಿದರು.

ಸಂಜೆ ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಮೆಂತೆ ಸೋಸುತ್ತ, ತಲೆಯೆತ್ತದೆ ಅಂದಳು:

"ಪೆಟ್ಟಿಗಿ ಬರಲಿ ಬಿಡ್ರಿ ಅಕ್ಕಾರ. ಅದನ್ನ ತಪ್ಪಿಸಿ ವೈರ್ ಎಳಿಯೋದು ಹ್ಯಾಂಗಂತ ನಮ್ಮನಿಯವ್ರು ಆಗಲೇ ಕೇಳ್ಕೊಂಡು ಬಂದಾರ."