ಮುಲ್ಲಾನ ಚೂರಿ ನನ್ನ ಕೈಗೆ ಬಂದದ್ದು

ಆಗ ನನಗೆ ಅರವತ್ತರ ಮೇಲೆ ಒಂದೋ ಎರಡೋ. ಅದಾಗಿ ಐದು ವರ್ಷವಾಯಿತು. ನನ್ನ ಗಂಡ ಹುಕ್ಕೇರಿ ಬಾಜೂ ಇರುವ ನಮ್ಮ ಹಳ್ಳಿಯ ಮುಲ್ಲಾ. ನಮ್ಮವರ ಮನೆಯಿರಲಿ, ಕುರುಬರ ಮನೆಯಿರಲಿ, ಹಿತ್ತಲಿನ ಕೋಳಿ ಕೊಯ್ಯಲು ಅವರನ್ನೇ ಕರೆಯುತ್ತಿದ್ದರು. ಕೊಯ್ದದ್ದಕ್ಕೆ ಅದೇ ಕೋಳಿಯಲ್ಲಿ ಒಂದು ಪಾಲು. ಅವರ ಅಜ್ಜನ ಕಾಲದಿಂದ ಹೀಗೇ.

ಆ ವರ್ಷ ಅವರ ಬಲಗೈ ನಡುಗತೊಡಗಿತು. ಬಸಿಯಲ್ಲಿ ಚಹಾ ನಿಲ್ಲುತ್ತಿರಲಿಲ್ಲ. ಹೇಳಿದರೆ ಸಿಟ್ಟು.

ಬಾಜೂ ಮನೆಯ ಕುರುಬರ ಸೊಸೆ ಹಡೆದಿದ್ದಳು. ಬಾಣಂತಿಗೆ ಸಾರು ಬೇಕೆಂದು ಅವಳ ಅತ್ತೆ ಕೋಳಿ ಹಿಡಿದು ಇವರನ್ನು ಕರೆದಳು. ಚೂರಿ ಅರ್ಧಕ್ಕೇ ಜಾರಿತು. ಕೋಳಿ ಬಿಡಿಸಿಕೊಂಡು ಅಂಗಳವೆಲ್ಲ ಓಡಿತು. ಹಿಡಿದು ಮುಗಿಸುವಷ್ಟರಲ್ಲಿ ಬಾಣಂತಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಆ ಸಾರನ್ನು ಆಕೆ ಬಾಯಿಗೆ ಹಚ್ಚಲಿಲ್ಲ.

ವಾರದ ಮೇಲೆ ಅತ್ತೆ ಬೇಲಿಯಾಚೆ ನಿಂತು ಹೇಳಿದಳು: "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇನ್ನ ಮ್ಯಾಲೆ ಹುಕ್ಕೇರಿ ಅಂಗಡ್ಯಾಗಿನ ಬ್ರಾಯ್ಲರ್ ತರಸ್ತೇವಿ. ಮುಲ್ಲಾರ ಕೈಲೆ ಆಗೂದಿಲ್ಲ."

ಇವರಿಗೆ ಒಳಗೆ ಕೇಳಿಸಿತು. ಅಂದು ಉಣ್ಣಲಿಲ್ಲ. ಒಂದು ಮನೆ ಬಿಟ್ಟರೆ ಉಳಿದವೂ ಬಿಡುತ್ತವೆ. ಆಮೇಲೆ ಮುಲ್ಲಾ ಎಂದು ಕರೆಯುವವರು ಯಾರು?

ನಾನು ಚೂರಿ ಕೇಳಿದೆ.

"ನಿನಗ್ಯಾಕ?"

"ಕೊಯ್ಯಾಕ. ಹೆಣ್ಣಮಗಳು ಕೊಯ್ದರ ನಡಿಯೂದಿಲ್ಲೇನು?"

ಅವರು ಚೂರಿ ತಂದು ನನ್ನ ಮುಂದೆ ಇಟ್ಟರು. "ನಡೀತೈತಿ. ಧರ್ಮದಾಗ ಅಡ್ಡಿಯಿಲ್ಲ. ಊರಾಗ ಯಾರೂ ನೋಡಿಲ್ಲ, ಅಷ್ಟ."

"ನೋಡ್ಲಿ ಬಿಡ್ರಿ. ಕಣ್ಣ ಅದಾವಲ್ಲ."

ನಮ್ಮ ಮುದಿ ಹುಂಜದ ಮೇಲೆ ಕಲಿತೆ. ಅವರು ಬಾಜೂ ಕುಳಿತು ಹೇಳಿಕೊಟ್ಟರು. ಓಡಿಸಿ ಹಿಡಿಯಬೇಡ, ಕತ್ತಲಿರುವಾಗಲೇ ಗೂಡಿನಿಂದ ಎತ್ತಿಕೋ. ನೀರು ಕುಡಿಸು. ಚೂರಿ ಅದರ ಕಣ್ಣಿಗೆ ಬೀಳಬಾರದು. ಬೇರೆ ಕೋಳಿಗಳ ಮುಂದೆ ಕೊಯ್ಯಬೇಡ. ರೆಕ್ಕೆ ಒತ್ತಿ ಹಿಡಿ, ದೇವರ ಹೆಸರು ಹೇಳು, ಕೈ ಎತ್ತದೆ ಎಳೆ. ತಣ್ಣಗಾಗುವವರೆಗೆ ಬಿಡಬೇಡ. ಹುಂಜ ಕಾಲು ಬಡಿಯಿತು, ಓಡಲಿಲ್ಲ. ನನಗೆ ಅಳು ಬರಲಿಲ್ಲ. ಸಾಕಿದ್ದೇ ತಿನ್ನಲಿಕ್ಕೆ. ಆದರೆ ಅದನ್ನು ಹೆದರಿಸುವ ಜರೂರು ಇಲ್ಲ.

ಅಂದೇ ಬೇಲಿಯ ಹತ್ತಿರ ಹೋದೆ.

"ನಾಳೆ ನಾ ಕೊಯ್ತೇನಿ. ನಿನ್ನ ಸೊಸಿ ನೋಡ್ಲಿ. ಮನಸ ಬಂದರ ತಿನ್ಲಿ, ಇಲ್ಲಂದರ ನಿಮ್ಮ ಬ್ರಾಯ್ಲರ್ ತರಸ್ರಿ."

ಅತ್ತೆ ನಕ್ಕಳು. "ಹಲ್ಲ ಬಿದ್ದ ಮ್ಯಾಲೆ ಹೊಸಾ ನೌಕರಿ ಏನ್ರಿ ಅಕ್ಕಾರ?"

"ಹಲ್ಲಲೆ ಕೊಯ್ಯೂದಿಲ್ಲವಾ, ಚೂರಿಲೆ."

ಒಳಗಿನಿಂದ ಬಾಣಂತಿ ಅಂದಳು, "ಕೊಯ್ಲಿ ಬಿಡ್ರಿ ಅತ್ತಿ. ನೋಡೂಣು."

ಮರುದಿನ ನಸುಕಿನಲ್ಲಿ ಅವರ ಗೂಡಿಗೆ ಕೈ ಹಾಕಿ ಕೋಳಿಯನ್ನು ಎತ್ತಿಕೊಂಡೆ. ನಿದ್ದೆಗಣ್ಣಿನಲ್ಲಿ ಅದು ಕಂಕುಳಲ್ಲೇ ಕುಳಿತಿತ್ತು. ನನ್ನ ಗಂಡ ನೀರು ಕುಡಿಸಿದರು. ಅರ್ಧ ನೀರು ನನ್ನ ಸೀರೆಗೆ ಚೆಲ್ಲಿತು. ಗೋಡೆಯ ಹಿಂದೆ ಒಯ್ದು ಕೊಯ್ದೆ. ಗೂಡಿನ ಕೋಳಿಗಳಿಗೆ ಗೊತ್ತೇ ಆಗಲಿಲ್ಲ. ಗೋಡೆಗೆ ಆತು ನಿಂತಿದ್ದ ಬಾಣಂತಿ ಕೊನೆಯವರೆಗೂ ನೋಡಿದಳು. ಆಮೇಲೆ ಅತ್ತೆಗೆ, "ಖಾರ ಕಡಿಮಿ ಹಾಕ್ರಿ, ಕೂಸಿಗೆ ಆಗೂದಿಲ್ಲ" ಎಂದು ಒಳಗೆ ಹೋದಳು.

ಅತ್ತೆ ಪಾಲು ತಂದು ನನ್ನ ಮುಂದೆ ಹಿಡಿದಳು. ನಾನು ಗಂಡನ ಕಡೆ ತೋರಿಸಿದೆ. ಅವರು ಎರಡೂ ಕೈಯಿಂದ ತೆಗೆದುಕೊಂಡರು. ನಾನು ಚೂರಿ ತೊಳೆದೆ.